ತವರಿನ ಡಬ್ಬಿಯ ಲಿಲಾವು

ಸಲಹೆ ಕೊಡುವುದರಲ್ಲಿ ಒಂದು ಸುಖವಿದೆ. ತೆಗೆದುಕೊಳ್ಳುವವರಿಗೆ ಇದೆಯೋ ಇಲ್ಲವೋ ನಾನು ಕಾಣೆ, ಕೊಡುವವರಿಗಂತೂ ಇದೆ. ಕೈಯಿಂದ ಖರ್ಚಿಲ್ಲ, ಕೆಟ್ಟರೆ ಕೇಳಿದವರ ಹಣೆಬರಹ, ಕೈಗೂಡಿದರೆ ನಮ್ಮ ಹೆಸರು. ನಮ್ಮ ಟಿಳಕವಾಡಿಯಲ್ಲಿ ಈ ಸುಖವನ್ನು ಅರಿತವರೇ ಹೆಚ್ಚು. ಮೊಣಕಾಲು ನೋವಿಗೆ ಯಾವ ಡಾಕ್ಟರು, ಬೀಗರಿಗೆ ಒಯ್ಯಲು ಯಾವ ಅಂಗಡಿಯ ಕುಂದಾ, ಹುಡುಗಿಯನ್ನು ಧಾರವಾಡಕ್ಕೆ ಕೊಡಬೇಕೋ ಹುಬ್ಬಳ್ಳಿಗೋ, ಹೀಗೆ ಒಂದೊಂದಕ್ಕೂ ಒಬ್ಬೊಬ್ಬ ತಜ್ಞರಿದ್ದಾರೆ. ನಾನು ಇಂಟರ್‌ನೆಟ್ಟಿನ ಲಿಲಾವಿನ, ಅಂದರೆ ಹರಾಜಿನ, ತಜ್ಞ. ಹಳೆಯ ರೇಡಿಯೋ, ಅಜ್ಜನ ಬೆತ್ತ, ಕೆಟ್ಟ ಕ್ಯಾಮೆರಾ ಇದ್ದವರೆಲ್ಲ ಈಗ ಸಂಜೆ ನಮ್ಮ ಮನೆಗೆ ಬರುತ್ತಾರೆ. 'ಪಾಟೀಲರ, ಇದನ್ನ ಕಂಪ್ಯೂಟರಿನ್ಯಾಗ ಮಾರೂದು ಹೆಂಗ್ರಿ?' ಎನ್ನುತ್ತಾರೆ. ನಾನು ಚಹಾ ತರಿಸಿ, ಕಾಲ ಮೇಲೆ ಕಾಲು ಹಾಕಿಕೊಂಡು ಹೇಳುತ್ತೇನೆ. ನಾನು ಈ ಜನ್ಮದಲ್ಲಿ ಮಾರಿದ್ದು ಒಂದೇ ಒಂದು ವಸ್ತು ಎಂಬುದು ಅವರಿಗೆ ಗೊತ್ತಿಲ್ಲ. ಆ ವಸ್ತು ಸದ್ಯ ಎಲ್ಲಿದೆ ಎಂದು ಅವರು ಕೇಳಿಲ್ಲ, ನಾನೂ ಹೇಳಿಲ್ಲ.

ಆ ವಸ್ತು ಒಂದು ಹಿತ್ತಾಳೆಯ ಡಬ್ಬಿ. ಸಣ್ಣ ಕೂಸೊಂದು ಒಳಗೆ ಕುಳಿತುಕೊಳ್ಳಬಹುದಾದಷ್ಟು ದೊಡ್ಡದು. ದುಂಡಗಿನ ಹೊಟ್ಟೆ, ಮೇಲೆ ಮುಚ್ಚಳ, ಮುಚ್ಚಳಕ್ಕೊಂದು ಕೊಂಡಿ. ನನ್ನ ಹೆಂಡತಿ ಮಹಾದೇವಿಯ ತವರು ಖಾನಾಪುರ ತಾಲೂಕಿನ ಬೀಡಿ. ಮದುವೆಯಾಗಿ ಅವಳು ನಮ್ಮ ಮನೆಗೆ ಬಂದಾಗ ಅವಳ ತಾಯಿ ಈ ಡಬ್ಬಿಯ ತುಂಬ ಉಂಡಿ ಕಟ್ಟಿ ಕಳಿಸಿದ್ದರು. ಉಂಡಿ ಎಂಟು ದಿನದಲ್ಲಿ ಮುಗಿದವು. ಡಬ್ಬಿ ಮಾತ್ರ ಅಂದಿನಿಂದ ನಮ್ಮ ಸಂಸಾರದೊಂದಿಗೆ ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ತಿರುಗಿ, ಕೊನೆಗೆ ಟಿಳಕವಾಡಿಯ ಸ್ವಂತ ಮನೆಯ ಅಟ್ಟದ ಮೇಲೆ ಹೋಗಿ ಕುಳಿತುಬಿಟ್ಟಿತು. ತೊಳೆಯಬೇಕೆಂದರೆ ಹುಣಸೆಹಣ್ಣು ಬೇಕು, ಎತ್ತಬೇಕೆಂದರೆ ಇಬ್ಬರು ಬೇಕು. ವರ್ಷಕ್ಕೊಮ್ಮೆ ಜೇಡರಬಲೆ ತೆಗೆಯುವಾಗ ಮಹಾದೇವಿ ಅದನ್ನು ಬೈಯುತ್ತಿದ್ದಳು, ನಾನು ಹೂಂಗುಟ್ಟುತ್ತಿದ್ದೆ.

ಇಂಥದರಲ್ಲಿ ಮನೆಗೆ ಕಂಪ್ಯೂಟರು ಬಂತು. ಹೊಸ ಅಗಸ ಗೋಣಿ ಎತ್ತೆತ್ತಿ ಒಗೆದ ಎನ್ನುತ್ತಾರಲ್ಲ, ಹಾಗೆ ನಾನು ಕಚೇರಿಯಿಂದ ಬಂದವನೇ ಅದರ ಮುಂದೆ ಕೂರುತ್ತಿದ್ದೆ. ನಮ್ಮಲ್ಲಿ ಇಂಟರ್‌ನೆಟ್ ಬರುವುದು ಫೋನಿನ ತಂತಿಯಲ್ಲೇ. ಅದು ಬಂದರೆ ಫೋನಿಲ್ಲ, ಫೋನಿದ್ದರೆ ಅದಿಲ್ಲ, ಸವತಿಯರ ಸಂಸಾರ. ಮಹಾದೇವಿಗೆ ತವರಿನಿಂದ ಬರಬೇಕಾದ ಫೋನುಗಳೆಲ್ಲ ನನ್ನಿಂದಾಗಿ ತಪ್ಪಿಹೋಗುತ್ತಿದ್ದವು. ಹಾಗೆ ಕುಳಿತಾಗಲೇ ಒಂದು ದಿನ ಆ ಲಿಲಾವಿನ ತಾಣ ಕಣ್ಣಿಗೆ ಬಿತ್ತು. ಯಾರು ಏನನ್ನು ಬೇಕಾದರೂ ಮಾರಲು ಇಡಬಹುದು, ಎಲ್ಲೆಲ್ಲಿಯವರೋ ಕೂತಲ್ಲಿಂದಲೇ ಬೆಲೆ ಕೂಗಬಹುದು. ಅಲ್ಲಿ ಯಾರೋ ಒಬ್ಬರು ಮುರಿದ ಅಡಕೊತ್ತು ಇಟ್ಟಿದ್ದರು, ಅದಕ್ಕೆ ನಾಲ್ಕು ಜನ ಬಡಿದಾಡುತ್ತಿದ್ದರು. ನನಗೆ ತಟ್ಟನೆ ಅಟ್ಟ ನೆನಪಾಯಿತು.

ಮಹಾದೇವಿಯನ್ನು ಕೇಳಿದೆ. ಅವಳು ಹೇಳಿದಳು: "ಮಾರ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ದೂರದ ಮಂದಿಗಿ ಮಾರ್ರಿ. ಬೀಡಿಗಿ ಮಾತ್ರ ಸುದ್ದಿ ಮುಟ್ಟಬಾರ್ದು. ತವರಮನಿ ಸಾಮಾನ ಮಾರಕೊಂಡು ತಿಂದ್ಲು ಅಂತ ಅವ್ವಗ ತಿಳೀತಂದ್ರ ನಾ ಎಲ್ಲಿ ಮುಖಾ ಇಡ್ಲಿ?"

"ಹುಚ್ಚಿ, ಇದು ಜಗತ್ತಿನ ಪ್ಯಾಟಿ ಐತಿ. ಇಲ್ಲಿ ಬೀಡಿ ಎಲ್ಲಿ ಬರ್ತೈತಿ?" ಎಂದು ನಾನು ನಕ್ಕೆ. ಹೊಸದಾಗಿ ಮಾರಲು ಹೊರಟವರು ಮೊದಲು ಕಲಿಯಬೇಕಾದದ್ದೇ ಇದು: ಹೀಗೆ ನಗಬಾರದು.

ಮುಂದೆ ಚಿತ್ರದ ಸಮಸ್ಯೆ. ಡಬ್ಬಿಯನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಫೋಟೋ ಸ್ಟುಡಿಯೋಕ್ಕೆ ಒಯ್ದೆ. ಅಲ್ಲಿಯ ಮಾಲೀಕರು ಮೂವತ್ತು ವರ್ಷ ಕನ್ಯೆಯರ ಫೋಟೋ ತೆಗೆದವರು. ಡಬ್ಬಿಯನ್ನು ಕೆತ್ತನೆಯ ಕುರ್ಚಿಯ ಮೇಲೆ ಇಟ್ಟರು, ಹಿಂದೆ ಹಿಮದ ಬೆಟ್ಟದ ಪರದೆ ಬಿಟ್ಟರು, ಬಾಜೂಕ್ಕೆ ಪ್ಲಾಸ್ಟಿಕ್ ಹೂವಿನ ಕುಂಡ. ಡಬ್ಬಿಯ ಒಂದು ಮಗ್ಗುಲಿಗೆ ಅಂಗೈಯಗಲ ತಗ್ಗು ಬಿದ್ದಿತ್ತು. ನನ್ನ ಹೆಂಡತಿಯ ತಮ್ಮ ಬಸವರಾಜ ಸಣ್ಣವನಿದ್ದಾಗ ಅದನ್ನು ಗಾಲಿಯ ಹಾಗೆ ಓಣಿಯಲ್ಲಿ ಉರುಳಿಸಿ ಕಟ್ಟೆಗೆ ಬಡಿಸಿದ್ದನಂತೆ. ಮಾಲೀಕರು ಅದನ್ನು ನೋಡಿದವರೇ, ಮಚ್ಚೆ ಇದ್ದ ಹುಡುಗಿಯರ ಮುಖ ಹೊರಳಿಸುವಂತೆ, ತಗ್ಗಿನ ಮಗ್ಗುಲನ್ನು ಹಿಂದಕ್ಕೆ ತಿರುಗಿಸಿಬಿಟ್ಟರು. ಫೋಟೋ ಬಂದಾಗ ನನಗೇ ಡಬ್ಬಿಯ ಗುರುತು ಹತ್ತಲಿಲ್ಲ.

ತಗ್ಗಿನ ವಿಷಯ ವಿವರಣೆಯಲ್ಲಿ ಬರೆಯಬೇಕೆಂದು ನನ್ನ ಮನಸ್ಸಿನಲ್ಲಿತ್ತು. ಆದರೆ ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನ ದೇಶಪಾಂಡೆಯವರು ತಡೆದರು. "ಪಾಟೀಲರ, ಅದನ್ಯಾಕ ಬರೀತೀರಿ? ಕನ್ಯಾ ನೋಡ್ಲಿಕ್ಕೆ ಹೋದ ವರ, ನನಗ ಗೊರಕಿ ಹೊಡಿಯೋ ಚಟ ಅದ ಅಂತ ತಾನs ಹೇಳ್ಕೋತಾನೇನು?" ಎಂದರು. ವಾದ ಗಟ್ಟಿಯಾಗಿತ್ತು. 'ಪುರಾತನ ಹಿತ್ತಾಳೆ ಡಬ್ಬಿ, ಸುಸ್ಥಿತಿಯಲ್ಲಿದೆ' ಎಂದು ಇಂಗ್ಲಿಷಿನಲ್ಲಿ ಬರೆದು ಏರಿಸಿದೆ. ಈಗ ನಾನು ಎಲ್ಲರಿಗೂ ಕೊಡುವ ಸಲಹೆ, ತಗ್ಗನ್ನು ಮೊದಲು ಬರೆಯಿರಿ, ಉಳಿದದ್ದನ್ನು ಆಮೇಲೆ ಬರೆಯಿರಿ ಎಂಬುದು. ಇಷ್ಟೊಂದು ಒತ್ತಿ ಏಕೆ ಹೇಳುತ್ತೇನೆಂದು ಕೇಳಿದವರಿಗೆ ತಿಳಿಯುವುದಿಲ್ಲ.

ಎರಡು ದಿನ ಯಾರೂ ಕೂಗಲಿಲ್ಲ. ಇದೊಂದು ವಿಚಿತ್ರ ಅವಮಾನ. ಡಬ್ಬಿ ಬೇಡವೆಂದು ನಾವೇ ಮಾರಲು ಇಟ್ಟದ್ದು, ಆದರೂ ಜಗತ್ತು ಅದನ್ನು ಬೇಡವೆಂದಾಗ ನಾನು ಗಳಿಗೆಗೊಮ್ಮೆ ಕಂಪ್ಯೂಟರು ಹಚ್ಚಿ ನೋಡುತ್ತಿದ್ದೆ. ಮೂರನೆಯ ದಿನ 'ಜಂಟಲ್‌ಮನ್' ಎಂಬ ಹೆಸರಿನವರೊಬ್ಬರು ಕೂಗಿದರು. ನಾನು ಕಚೇರಿಗೆ ಪೇಢೆ ಒಯ್ದೆ. ದೇಶಪಾಂಡೆಯವರು ಪೇಢೆ ಬಾಯಿಗೆ ಹಾಕಿಕೊಂಡು ಕಿವಿಯಲ್ಲಿ ಹೇಳಿದರು: "ಆ ಜಂಟಲ್‌ಮನ್ ನಾನs ರೀ. ಗುಡಿ ಮುಂದಿನ ಲಿಲಾವಿನ್ಯಾಗ ಬೋಣಿ ನಮ್ಮ ಮಂದೀನs ಮಾಡ್ತಾರಿಲ್ಲೋ? ದೇವರ ಕಾಯಿ ಸುಮ್ಮನ ಕೂಡಬಾರ್ದು ನೋಡ್ರಿ."

ನಮ್ಮ ಕಡೆಯ ಪದ್ಧತಿ ಅದು. ಗುಡಿಯಲ್ಲಿ ದೇವರ ಮುಂದಿನ ತೆಂಗಿನಕಾಯಿಯನ್ನು ಲಿಲಾವಿಗೆ ಎತ್ತಿದಾಗ ಯಾರೂ ಬಾಯಿ ಬಿಡದಿದ್ದರೆ ಎತ್ತಿದವನ ಮರ್ಯಾದೆ ಹೋಗುತ್ತದೆ. ಅದಕ್ಕೆ ಅವನ ಕಡೆಯವರೇ ಒಬ್ಬರು ಮೊದಲ ಕೂಗು ಹಾಕುತ್ತಾರೆ. ಬೇರೆಯವರು ಮೇಲೆ ಕೂಗಿದರೆ ಇವರು ಇನ್ನೂ ಮೇಲೆ ಹೋಗುತ್ತಾರೆ, ಕಾಯಿಯ ಮಾನ ಏರಲಿ ಎಂದು. ಕೊನೆಗೆ ಪರ ಊರಿನ ಭಕ್ತನೊಬ್ಬ ಗೆದ್ದು ಕಾಯಿ ಒಯ್ಯುತ್ತಾನೆ, ಎಲ್ಲರಿಗೂ ಸಂತೋಷ. ಇದು ಮೋಸವೆಂದು ನಮಗಾರಿಗೂ ಎಂದೂ ಅನ್ನಿಸಿದ್ದಿಲ್ಲ, ದೇವರೂ ತಕರಾರು ಮಾಡಿದ್ದಿಲ್ಲ. ದೇಶಪಾಂಡೆಯವರ ಸ್ನೇಹಕ್ಕೆ ನನ್ನ ಕಣ್ಣು ತುಂಬಿ ಬಂತು.

ಅದೇ ಸಂಜೆ 'ಟೈಗರ್' ಎಂಬಾತ ಮೇಲೆ ಕೂಗಿದ. ದೇಶಪಾಂಡೆಯವರು ರೈಲ್ವೆ ಸ್ಟೇಷನ್ನಿನ ಹತ್ತಿರದ ಇಂಟರ್‌ನೆಟ್ ಅಂಗಡಿಗೆ ಓಡಿ, ಅವನ ಮೇಲೆ ಕೂಗಿದರು. ಟೈಗರ್ ಬಿಡಲಿಲ್ಲ. ಇವರೂ ಬಿಡಲಿಲ್ಲ. ಬೆಲೆ ಏರುತ್ತ ಹೋಯಿತು. ಈ ಟೈಗರ್ ಮುಂಬಯಿಯ ದೊಡ್ಡ ಶ್ರೀಮಂತನಿರಬೇಕು, ಅವನ ಬಂಗಲೆಯ ಗಾಜಿನ ಕಪಾಟಿನಲ್ಲಿ ನಮ್ಮ ಡಬ್ಬಿ ಕುಳಿತುಕೊಳ್ಳುತ್ತದೆ ಎಂದು ನಾನು ಮಹಾದೇವಿಗೆ ವರ್ಣಿಸಿದೆ. ಅವಳು ಮೊದಲ ಬಾರಿಗೆ ಕಂಪ್ಯೂಟರಿನ ಕಡೆಗೆ ಗೌರವದಿಂದ ನೋಡಿದಳು. ಕೊನೆಗೆ ದೇಶಪಾಂಡೆಯವರು ಹೆದರಿ ಕೈಬಿಟ್ಟರು. "ಒಂದs ಸಲ ಅಂವಾ ಸುಮ್ಮನಾಗಿದ್ರ ಡಬ್ಬಿ ನನ್ನ ಕೊರಳಿಗೆ ಬೀಳ್ತಿತ್ತು. ಮಾರುತಿಗೆ ಕಾಯಿ ಹರಕಿ ಹೊತ್ತೇನಿ," ಎಂದರು.

ರವಿವಾರ ಮಧ್ಯಾಹ್ನ ಲಿಲಾವು ಮುಗಿಯಿತು. ಟೈಗರ್ ಗೆದ್ದಿದ್ದ. ತಾಣದವರು ಕೊಳ್ಳುವವರ ವಿಳಾಸ ನನಗೂ ನನ್ನ ವಿಳಾಸ ಅವರಿಗೂ ಕಳಿಸುತ್ತಾರೆ. ನಾನು ತೆರೆದು ಓದಿದೆ. ಬೀಜ ಗೊಬ್ಬರದ ಅಂಗಡಿ, ಸ್ಟೇಷನ್ ರಸ್ತೆ, ಖಾನಾಪುರ. ಮಾಲೀಕರ ಹೆಸರು ಬಸವರಾಜ. ಎರಡನೆಯ ಸಲ ಓದಿದರೂ ಅದೇ ಇತ್ತು. ಇಂಟರ್‌ನೆಟ್ ಕಡಿದೆ. ಕಡಿದ ಕೂಡಲೇ ಫೋನು ಹೊಡೆದುಕೊಳ್ಳತೊಡಗಿತು.

"ಮಾಮಾರ, ಇದೇನ್ರಿ ಇದು? ಮಾರಾಂವರ ಹೆಸರು ನಿಮ್ದು ಬಂದೈತಿ," ಎಂದ ಬಸವರಾಜ.

"ಹೌದೇನು? ಬರಬಹುದು," ಎಂದೆ.

"ಡಬ್ಬಿ ನಮ್ಮ ಅಕ್ಕಂದs ಏನ್ರಿ?"

ನಾನು ಕೆಮ್ಮಿದೆ.

"ಅಯ್ಯ ಶಿವನೇ! ನಾ ಅದರ ಜೋಡಿ ಅಂತ ತಿಳದಿದ್ದೆನ್ರಿ. ಫೋಟೋದಾಗ ತಗ್ಗು ಇದ್ದಿದ್ದಿಲ್ಲ. ಅಕ್ಕಗ ಡಬ್ಬಿ ಕೊಟ್ಟಾಗಿಂದ ಅವ್ವ ಆ ಜಾಗಾ ಖಾಲಿನs ಬಿಟ್ಟಾಳ. ಅಂಥಾದs ಇನ್ನೊಂದು ಸಿಕ್ತು, ಅವ್ವಗ ಒಯ್ದು ಕೊಡೂಣು ಅಂತ ಕೂಗಿದೆ. ಯಾವನೋ ಒಬ್ಬ ಹಲಕಟ್ ಮ್ಯಾಲ ಮ್ಯಾಲ ಕೂಗಾಕತ್ತಿದ್ದ, ನಾನೂ ಹಟಕ್ಕ ಬಿದ್ದೆ."

ಆ ಹಲಕಟ್ ಯಾರೆಂದು ನಾನು ಹೇಳಲಿಲ್ಲ. "ಹೋಗ್ಲಿ ಬಿಡು ಬಸು, ಲಿಲಾವು ರದ್ದು ಮಾಡೂಣು. ಅತ್ತಿಯವ್ರಿಗಿ ಏನೂ ತಿಳೀಬಾರ್ದು," ಎಂದೆ.

"ತಡಾ ಆತ್ರಿ ಮಾಮಾರ. ಗೆದ್ದ ಕೂಡಲೇ ಮನೀಗಿ ಫೋನ್ ಮಾಡಿ ಹೇಳಿಬಿಟ್ಟೆ, ನಿನ್ನ ಡಬ್ಬಿ ಜೋಡಿ ಸಿಕ್ಕೈತಿ ಅಂತ. ಅವ್ವ ಆ ಜಾಗಾ ಸಾರಿಸಿ ಕುಂತಾಳ."

ಮಹಾದೇವಿ ಅತ್ತಳು, ಬೈದಳು, ಆಮೇಲೆ ಶೇಂಗಾ ಹುರಿಯಲು ಕುಳಿತಳು. ಡಬ್ಬಿಯನ್ನು ಜೋಡಿಯೆಂದೇ ಹೇಳಿ ಒಯ್ದು ಕೊಡುವುದು, ನಮ್ಮದು ಟಿಳಕವಾಡಿಯಲ್ಲೇ ಇದೆಯೆಂದು ಸಾಧಿಸುವುದು ಅವಳ ಉಪಾಯ. "ಶೇಂಗಾ ಯಾಕ?" ಎಂದೆ. "ತವರಿಗಿ ಖಾಲಿ ಡಬ್ಬಿ ಒಯ್ತಾರೇನ್ರಿ?" ಎಂದಳು. ಮೋಸ ಮಾಡುವಾಗಲೂ ರೀತಿ ರಿವಾಜು ಬಿಡದ ಮನೆತನ ಅದು.

ಮರುದಿನ ರಜೆ ಹಾಕಿ ಬಸ್ಸು ಹತ್ತಿದೆವು. ತೊಡೆಯ ಮೇಲೆ ಡಬ್ಬಿ, ಡಬ್ಬಿಯಲ್ಲಿ ಶೇಂಗಾ ಉಂಡಿ. ಪಕ್ಕದ ಸೀಟಿನ ಹೆಣ್ಣುಮಗಳೊಬ್ಬಳು ಮರಾಠಿಯಲ್ಲಿ, ಡಬ್ಬಿ ಚೆನ್ನಾಗಿದೆ, ಮಾರುತ್ತೀರಾ ಎಂದು ಕೇಳಿಯೇಬಿಟ್ಟಳು. ಇಡೀ ಜಗತ್ತಿನಲ್ಲಿ ಹುಡುಕಿದ ಗಿರಾಕಿ ಖಾನಾಪುರದ ಬಸ್ಸಿನಲ್ಲಿ ಕುಳಿತಿದ್ದಳು. ಮಹಾದೇವಿ ಡಬ್ಬಿಗೆ ಸೆರಗು ಹೊದಿಸಿ ಕಿಟಕಿಯ ಕಡೆ ತಿರುಗಿದಳು.

ಬೀಡಿಯಲ್ಲಿ ಬಸವರಾಜ ಬಾಗಿಲಲ್ಲೇ ನಿಂತಿದ್ದ. ನನ್ನ ಕಣ್ಣು ತಪ್ಪಿಸಿ, ಹಣದ ಲಕೋಟೆಯನ್ನು ನನ್ನ ಕಿಸೆಗೆ ತುರುಕಲು ನೋಡಿದ. ನಾನು ಅದನ್ನು ಅವನ ಕಿಸೆಗೆ ವಾಪಸು ತುರುಕಿದೆ. ನನ್ನ ಅತ್ತೆ ನೀರು ಕೊಟ್ಟು, "ಬರ್ರಿ ಅಳಿಯಂದಿರ, ಕುಂದರ್ರಿ," ಎಂದು, ಡಬ್ಬಿಯನ್ನು ಎದುರಿಗೆ ಇಟ್ಟುಕೊಂಡು ಕುಳಿತರು. ಮುಚ್ಚಳ ತೆಗೆದರು. ಒಂದು ಉಂಡಿ ಮುರಿದು ಬಾಯಿಗೆ ಹಾಕಿಕೊಂಡು, "ಬೆಲ್ಲ ಸ್ವಲ್ಪ ಮುಂದಾಗೈತಿ," ಎಂದರು. ಆಮೇಲೆ ಡಬ್ಬಿಯ ಹೊಟ್ಟೆಯ ಮೇಲೆ ಕೈ ಆಡಿಸುತ್ತ ಹೋದರು. ಕೈ ತಗ್ಗಿನ ಹತ್ತಿರ ಬಂದು ನಿಂತಿತು. ಬಸವರಾಜ ಛಾವಣಿ ನೋಡಿದ, ಮಹಾದೇವಿ ನೆಲ ನೋಡಿದಳು. ನನಗೆ ನೋಡಲು ಏನೂ ಉಳಿದಿರಲಿಲ್ಲ.

"ಭಾಳ ಚೊಲೋ ಜೋಡಿ ತಂದೀಯಪಾ ಬಸು. ಹೊಯ್ದಾಂವಾ ಒಬ್ಬನs ಇರಬೇಕು," ಎಂದರು ಅತ್ತೆ. ಬಹಳ ಶಾಂತವಾಗಿ. "ಆದ್ರ ಜೋಡಿ ಅಗಲಿಸಿ ಇಡಬಾರ್ದು. ಮಹಾದೇವಿ, ಇದನ್ನೂ ನೀನs ಒಯ್ಯಿ. ನಿನ್ನ ಡಬ್ಬಿ ಬಾಜೂಕ ಇಡು. ಪಂಚಮಿ ಹಬ್ಬಕ್ಕ ತವರಿಗಿ ಬರುವಾಗ ಎರಡೂ ತಗೊಂಡು ಬಾ, ಎರಡರಾಗೂ ಉಂಡಿ ತುಂಬಿ ಕಳಸ್ತೀನಿ. ಅಳಿಯಂದಿರ, ನೀವು ನೆನಪು ಮಾಡ್ರಿ. ಎರಡೂ."

ಅವರಿಗೆ ಎಲ್ಲ ತಿಳಿದಿತ್ತು. ತಿಳಿದದ್ದು ನಮಗೂ ತಿಳಿದಿತ್ತು. ಅವರು ಬೈದಿದ್ದರೆ ಕಾಲು ಹಿಡಿದು ಪಾರಾಗುತ್ತಿದ್ದೆ. ಅವರು ಡಬ್ಬಿಯಲ್ಲಿ ಖಾನಾಪುರದ ಅಕ್ಕಿ, ಮೇಲೊಂದು ಬೆಲ್ಲದ ಉಂಡೆ ಇಟ್ಟು, ಮಗಳ ಮಡಿಲಿಗೆ ಕೊಟ್ಟು, ತಲೆ ಸವರಿ ಕಳಿಸಿದರು. ಹಿಂದಿರುಗುವ ಬಸ್ಸಿನಲ್ಲಿ ಮಹಾದೇವಿ ಡಬ್ಬಿಯನ್ನು ತಬ್ಬಿಕೊಂಡು ಕುಳಿತಿದ್ದಳು. ನಿಜ ಹೇಳುತ್ತೇನೆ, ನನಗೂ ಅದು ಮಾರಾಟವಾಗದೆ ಉಳಿದದ್ದು ಸಮಾಧಾನವೇ ಆಗಿತ್ತು. ತಾಣದವರು ಮಾತ್ರ, ವ್ಯವಹಾರ ಕುದುರಿದೆ ಎಂದು ತಮ್ಮ ದಲಾಲಿ ಬಿಡದೆ ವಸೂಲು ಮಾಡಿದರು. ಬಸವರಾಜ ನನ್ನ ಹೆಸರಿನ ಮುಂದೆ ಒಳ್ಳೆಯ ಮಾರಾಟಗಾರನೆಂದು ನಕ್ಷತ್ರ ಒತ್ತಿ, 'ಉಂಡಿ ರುಚಿಯಾಗಿದ್ದವು' ಎಂದು ಬರೆದ. ನನ್ನ ತಜ್ಞತನಕ್ಕೆ ಆಧಾರ ಆ ಒಂದು ನಕ್ಷತ್ರ.

ಪಂಚಮಿ ಹತ್ತಿರ ಬಂದಿದೆ. ಡಬ್ಬಿ ಈಗ ಅಟ್ಟದ ಮೇಲಿಲ್ಲ, ಪಡಸಾಲೆಯಲ್ಲಿದೆ, ಪಕ್ಕದಲ್ಲಿ ಖಾಲಿ ಜಾಗ. ಆದ್ದರಿಂದ ಹೊಸ ಮಾರಾಟಗಾರರಿಗೆ ನನ್ನ ಕೊನೆಯ ಸಲಹೆ: ನಿಮ್ಮ ಅಟ್ಟದ ಮೇಲೆ ದುಂಡಗಿನ ಹಿತ್ತಾಳೆ ಡಬ್ಬಿ ಇದ್ದರೆ ದಯಮಾಡಿ ಬೇಗ ಲಿಲಾವಿಗೆ ಇಡಿ. ತಗ್ಗಿದ್ದರೂ ನಡೆಯುತ್ತದೆ, ಇದ್ದರೇ ಒಳ್ಳೆಯದು. ಸೊಲ್ಲಾಪುರದವರು ಯಾರೋ ಒಬ್ಬರು ಇಟ್ಟಿದ್ದಾರೆ, ಇಂದು ಅದರ ಕೊನೆಯ ದಿನ. ಬೆಳಗಿನಿಂದ ಕೂತು ಕೂಗುತ್ತಿದ್ದೇನೆ. ಬೇರೆ ಯಾರಿಗೂ ಬೇಡವಾದ ಡಬ್ಬಿ, ಸಲೀಸಾಗಿ ಸಿಗುತ್ತದೆ ಎಂದುಕೊಂಡಿದ್ದೆ. ಆದರೆ ನಾನು ಕೂಗಿದಂತೆಲ್ಲ ಒಬ್ಬ ನನ್ನ ಮೇಲೆ ಕೂಗುತ್ತಿದ್ದಾನೆ. ಹೆಸರು 'ಟೈಗರ್'. ಅಕ್ಕನ ಮಾನ ಉಳಿಸಲು ಹೊರಟಿದ್ದಾನೆ, ಪಾಪ; ತನ್ನ ಎದುರಿಗೆ ಇರುವ ಹಲಕಟ್ ಈ ಸಲ ಯಾರೆಂದು ಅವನಿಗೆ ಗೊತ್ತಿಲ್ಲ. ಫೋನು ಮಾಡಿ ಹೇಳೋಣವೆಂದರೆ, ತಂತಿಯ ಮೇಲೆ ನಾನೇ ಕುಳಿತಿದ್ದೇನೆ.