ಮೂರು ಕೋಣೆಗೆ ಒಂದೇ ಡಬ್ಬಿ

ಟಪ್. ಟಪ್. ಟಪ್ ಟಪ್.

ಟಿ. ನರಸೀಪುರದ ಬಸ್ಸಿಳಿದು ನಂಜನಗೂಡಿನ ನಮ್ಮ ಬೀದಿಗೆ ತಿರುಗಿದ ಕೂಡಲೇ ನನಗೆ ಕೇಳಿಸುವುದು ಈ ಸದ್ದು. ನಮ್ಮವ್ವ ಮಾದಮ್ಮ ಟಿವಿ ರಿಮೋಟನ್ನು ಅಂಗೈಗೆ ಬಡಿಯುವ ಸದ್ದು. ಸೆಲ್ಲು ಹೊಸದಿರಲಿ, ಹಳೆಯದಿರಲಿ, ಬಡಿಯದೆ ಅವಳು ಬಟನ್ ಒತ್ತುವವಳಲ್ಲ. ‘ಮಲಗಿರ್ತದೆ ಕಣ್ಲಾ, ಒಸಿ ಎಬ್ಬುಸ್ಬೇಕು’ ಎನ್ನುತ್ತಾಳೆ. (ನನ್ನನ್ನು ಎಬ್ಬಿಸುತ್ತಿದ್ದುದೂ ಹೀಗೆಯೇ. ಫಲವಾಗಿ ನಾನು ವಿಜ್ಞಾನದ ಮೇಷ್ಟ್ರಾದೆ.)

ಸಂಜೆ ಏಳಕ್ಕೆ ಅವ್ವನ ದರ್ಬಾರು ಶುರು. ದರ್ಬಾರೆಂದರೆ ಇಬ್ಬರೇ. ನಡುಮನೆ ಹಾಲಿನ ಮಂಚದ ಮೇಲೆ ಅವ್ವ, ಚಾಪೆಯ ಮೇಲೆ ಎದುರುಮನೆಯ ಪಾಪಮ್ಮ. ಪಾಪಮ್ಮ ಹರೆಯದಲ್ಲಿ ಬದನವಾಳಿನ ಖಾದಿ ಕೇಂದ್ರದಲ್ಲಿ ನೂಲು ತೆಗೆದವರು. ಈಗಲೂ ಧಾರಾವಾಹಿ ಬಿಗಿಯಾದಂತೆಲ್ಲ ಅವರ ಬೆರಳುಗಳು ಇಲ್ಲದ ಎಳೆಯನ್ನು ಹೊಸೆಯುತ್ತವೆ. ಮುಖ ಗುರುತಾಗದಷ್ಟು ಕಣ್ಣು ಮಂಜಾದ ಅವರಿಗೆ ಅವ್ವ ಕಥೆ ಹೇಳುತ್ತಾಳೆ. ಕಥೆಯ ಜೊತೆಗೆ ಪಾತ್ರಗಳಿಗೆ ಬೈಗುಳ, ಬುದ್ಧಿವಾದ, ಶಾಪ ಎಲ್ಲವೂ ಉಚಿತ.

ಇದರ ನಡುವೆ ನನ್ನ ಬೇಡಿಕೆ ಏನು ದೊಡ್ಡದು? ಒಂದೇ ಒಂದು ಓವರ್.

‘ಅವ್ವ, ಕಡೇ ಓವರು. ಆರೇ ಬಾಲು.’

‘ನಿನ್ ಬಾಲಿಗೆ ಬೆಂಕಿ ಬೀಳ. ಅಲ್ಲಿ ಅತ್ತೆ ಆ ಎಣ್ಣಿಗೆ ಆಲಲ್ಲಿ ಇಸ ಆಕ್ತಾವ್ಳೆ, ನಿಂಗೆ ಆಟ!’

‘ಮೂರು ದಿನದಿಂದ ಹಾಕ್ತಾನೇ ಇದ್ದಾಳಲ್ಲವ್ವ. ಆ ಹಾಲು ಇಷ್ಟೊತ್ತಿಗೆ ಒಡೆದಿರುತ್ತೆ.’

ಪಾಪಮ್ಮ ನಕ್ಕರು. ಅವ್ವ ನಗಲಿಲ್ಲ. ಪಂದ್ಯವನ್ನು ಯಾರು ಗೆದ್ದರೆಂಬುದನ್ನು ನಾನು ಮರುದಿನ ಬಸ್ ಕಂಡಕ್ಟರನಿಂದ ತಿಳಿದೆ.

ಅಂದೇ ನನ್ನ ತಲೆಯಲ್ಲಿ ‘ಗೃಹ ದೂರದರ್ಶನ ವಿಸ್ತರಣಾ ಮಹಾಯೋಜನೆ’ ಉದಯಿಸಿತು. ಹಾಲಿನ ಟಿವಿ ಅವ್ವನಿಗೆ. ನನ್ನ ಕೋಣೆಗೆ ಹೊಸದೊಂದು. ಅಡುಗೆಮನೆಯ ಮೂಲೆಗೆ ಭಾವಮೈದನ ಮನೆಯ ಹಳೆಯದು, ನನ್ನ ಹೆಂಡತಿ ಯಶೋಧರಾಳಿಗೆ. ಆಕೆ ಅಡುಗೆ ಕಾರ್ಯಕ್ರಮಗಳ ಪರಮ ಭಕ್ತೆ. (ಟಿವಿಯಲ್ಲಿ ಏನೇ ಬೇಯಲಿ, ನಮ್ಮ ತಟ್ಟೆಗೆ ಬರುವುದು ದಿನದ ಸೊಪ್ಪಿನ ಉಪ್ಸಾರೇ.)

ಕೇಬಲ್ಲಿನ ಚಿಕ್ಕಮಾದು ವೈರಿನ ಸುರುಳಿ ಹೆಗಲಿಗೆ ಹಾಕಿಕೊಂಡು ಬಂದ. ಮನೆ ಸುತ್ತ ನೋಡಿದ.

‘ಮೂರು ಟಿವಿ, ಮೂರು ಸೆಟ್‌ಟಾಪ್ ಬಾಕ್ಸು ಅಲ್ವಾ ಸಾ?’

‘ಒಂದೇ ಬಾಕ್ಸು ಸಾಕು. ಅಲ್ಲಿಂದ ಮೂರು ವೈರು ಎಳಿ.’

‘ಸಾ, ಅದು ಏನಾಯ್ತದೆ ಅಂದ್ರೆ...’

‘ಚಿಕ್ಕಮಾದು, ಸಮಾಂತರ ಜೋಡಣೆ ಅಂತ ಕೇಳಿದ್ದೀಯಾ? ಹದಿನೆಂಟು ವರ್ಷದಿಂದ ಪಾಠ ಮಾಡ್ತಿದ್ದೀನಿ. ಒಂದು ಬಲ್ಬು ಆರಿದರೂ ಇನ್ನೊಂದು ಉರಿಯುತ್ತೆ. ನೀನು ವೈರು ಎಳಿ.’

ಅವನು ವೈರಿನ ಸುರುಳಿ ಕೆಳಗಿಳಿಸಿದ. ‘ಆಯ್ತು ಬುಡಿ ಸಾ, ಮೇಷ್ಟ್ರು ನೀವು’ ಎಂದು ಗೋಡೆ ಕೊರೆಯತೊಡಗಿದ. ಹಾಲಿನಲ್ಲಿರುವ ಡಬ್ಬಿಗೆ ಒಳಕೋಣೆಯ ರಿಮೋಟಿನ ಮಾತೂ ತಲುಪಲಿ ಎಂದು ಪ್ರತಿ ಟಿವಿಗೂ ಬಟಾಣಿ ಕಾಳಿನಷ್ಟು ಒಂದು ಕಣ್ಣು ಅಂಟಿಸಿದ. ಮೂವರ ಕೈಗೂ ಒಂದೊಂದು ರಿಮೋಟು ಕೊಟ್ಟ. ಹೋಗುವಾಗ ಅವನ ಮೀಸೆಯಡಿ ಏನೋ ಇತ್ತು. ಸಂಜೆಯವರೆಗೂ ನನಗದು ತಿಳಿಯಲಿಲ್ಲ.

ಸಂಜೆ ಬಾಗಿಲು ಹಾಕಿಕೊಂಡು, ಎರಡು ದಿಂಬಿಗೆ ಒರಗಿ, ಚಕ್ರವರ್ತಿಯಂತೆ ಬಟನ್ ಒತ್ತಿದೆ. ಹಸಿರು ಮೈದಾನ! ಬೌಲರ್ ಓಡಿ ಬಂದ, ಕೈ ಎತ್ತಿದ, ಅಷ್ಟರಲ್ಲಿ ಹಾಲಿನಿಂದ ಟಪ್ ಟಪ್. ಬೌಲರ್ ಮಾಯ. ನನ್ನ ತೆರೆಯ ಮೇಲೆ ಆ ವಿಷದ ಹಾಲಿನ ಹೆಂಗಸು! ಮತ್ತೆ ಮೈದಾನಕ್ಕೆ ಹೋದೆ. ಒಂದೇ ನಿಮಿಷ, ಯಾರೋ ಬದನೆಕಾಯಿ ಹೆಚ್ಚುತ್ತಿದ್ದರು. ಯಶೋಧರಾ ಒತ್ತಿದ್ದಳು.

ಪಾಠ ಹೊಳೆಯಿತು. ಒಂದು ಡಬ್ಬಿಯಿಂದ ಎಷ್ಟು ವೈರು ಎಳೆದರೂ ಹೊರಡುವುದು ಒಂದೇ ಚಿತ್ರ. ನಾನು ಮನೆಗೆ ಮೂರು ಟಿವಿ ತಂದಿರಲಿಲ್ಲ. ಒಂದೇ ಟಿವಿಗೆ ಮೂವರು ಅರಸರನ್ನು ನೇಮಿಸಿದ್ದೆ.

ಹೊರಗೆ ಹೋಗಿ ತಪ್ಪೊಪ್ಪಿಕೊಳ್ಳಬೇಕೆಂದು ಎದ್ದವನು, ಹಾಲಿನ ಮಾತು ಕೇಳಿ ಬಾಗಿಲ ಹಿಂದೆಯೇ ನಿಂತೆ.

‘ದೊಣ್ಣೆ ಇಡ್ಕಂಡು ಬಂದ್ನಲ್ಲ, ಯಾರು ಮಾದಿ ಅವ್ನು?’ ಪಾಪಮ್ಮನ ದನಿ.

‘ಆ ಎಣ್ಣಿನ ಅಣ್ಣ ಕಣಮ್ಮಿ. ಇಸದ ಸುದ್ದಿ ತಿಳ್ದು ಎದ್ನೋ ಬಿದ್ನೋ ಅಂತ ಬಂದವ್ನೆ. ನೋಡ್ನಿಲ್ವಾ, ತಲೇಲಿ ಎಲ್ಮೆಟ್ಟು ಅಂಗೇ ಇತ್ತು. ಬೈಕಲ್ಲಿ ಬಂದಿರ್ಬೇಕು.’

‘ಬೆರಳು ಎತ್ತುದ್ನಲ್ಲ, ಅವ್ನು?’

‘ಜಡ್ಜು. ನೋಡ್ದಾ, ಒಂದೇ ಬೆರಳಲ್ಲಿ ತೀರ್ಪು! ನಮ್ ಜಮೀನು ಕೇಸು ಇವ್ನತ್ರ ಓಗಿದ್ರೆ ಅವತ್ತೇ ಮುಗ್ದೋಗದು.’

‘ಬದನೇಕಾಯಿ ಯಾಕೆ ಕೊಯ್ತಾವ್ರೆ?’

‘ಗೆದ್ಮೇಲೆ ಊಟ ಆಕುಸ್ಬೇಡ್ವಾ?’

ನಾನು ನಗು ತಡೆಯಲು ಬಾಯಿಗೆ ಅಂಗೈ ಒತ್ತಿಕೊಂಡೆ. ಮೂರನೆಯ ದಿನಕ್ಕೆ ಪಕ್ಕದ ಬೀದಿಯ ನಾಲ್ವರು ಹೆಂಗಸರೂ ಚಾಪೆಗೆ ಸೇರಿದರು. ಅವ್ವನ ದರ್ಬಾರು ತುಂಬಿತು, ನಗು ಸೂರು ಮುಟ್ಟಿತು. ನಾನೋ, ಒಂದು ಓವರನ್ನೂ ಪೂರ್ತಿ ಕಾಣಲಿಲ್ಲ. ಕೊನೆಗೆ ಮಾನ ನುಂಗಿಕೊಂಡು ಚಿಕ್ಕಮಾದುಗೆ ಫೋನು ಮಾಡಿದೆ.

‘ಇನ್ನೆರಡು ಬಾಕ್ಸು ಅಲ್ವಾ ಸಾ?’ ಎಂದ, ನಾನು ಹಲೋ ಎನ್ನುವ ಮೊದಲೇ.

ಮೂರು ಡಬ್ಬಿ ಕೂತವು. ಮೂರು ಕೋಣೆಯಲ್ಲಿ ಮೂರು ಲೋಕ. ನಾನು ಒಂದಿಡೀ ಪಂದ್ಯ ನೋಡಿದೆ. ಯಾರೂ ಅಡ್ಡ ಬರಲಿಲ್ಲ. (ಕಾಫಿ ಬೇಕೇ ಎಂದೂ ಯಾರೂ ಕೇಳಲಿಲ್ಲ.) ಎರಡನೆಯ ದಿನ ಚಾಪೆಯ ಮೇಲೆ ಪಾಪಮ್ಮ ಒಬ್ಬರೇ. ನಾಲ್ಕನೆಯ ದಿನ ಅವರೂ ಇಲ್ಲ.

ಐದನೆಯ ದಿನ ಪಂದ್ಯ ಕೊನೆಯ ಓವರಿಗೆ ಬಂದಿದ್ದಾಗ ನನಗೇಕೋ ಮನೆ ಮೂಕವಾದಂತೆ ಅನ್ನಿಸಿತು. ಕಿವಿಗೊಟ್ಟೆ. ಟಪ್ ಟಪ್ ಇಲ್ಲ. ರಿಮೋಟು ಹಿಡಿದುಕೊಂಡೇ ಹಾಲಿಗೆ ಬಂದೆ. ಧಾರಾವಾಹಿ ತನ್ನ ಪಾಡಿಗೆ ಅಳುತ್ತಿತ್ತು. ಅವ್ವ ಬಾಗಿಲ ಕಡೆ ನೋಡುತ್ತ ಕೂತಿದ್ದಳು. ಅವಳ ರಿಮೋಟು ಮಂಚದ ಮೇಲೆ ಬೋರಲಾಗಿ ಬಿದ್ದಿತ್ತು.

‘ಯಾಕವ್ವ, ಪಾಪಮ್ಮ ಬರಲಿಲ್ವಾ?’

‘ಬರೀ ಅಳಾದೇ ಆಗೋಯ್ತು, ನಾ ಬರಾಕಿಲ್ಲ ಅಂದ್ಲು. ಜಡ್ಜಿಲ್ಲ, ದೊಣ್ಣೆ ಇಲ್ಲ, ಏನ್ ಕತೆ ಏಳ್ಲಿ ನಾನು? ಮೊದ್ಲಿನಂಗೆ ಒಂದೇ ಡಬ್ಬಿ ಮಾಡ್ಸು.’

ನನಗೆ ಅವಳ ಮೇಲೆ ಕನಿಕರ ಉಕ್ಕಿತು. ಇಂಥ ಹೊತ್ತಿನಲ್ಲಿ ಸುಮ್ಮನಿರುವವನು ಮಗ; ನಾನು ಮೇಷ್ಟ್ರು.

‘ಅವ್ವ, ಅದು ಕತೆ ಅಲ್ಲ. ಆ ದೊಣ್ಣೆಯವನು ಬ್ಯಾಟ್ಸ್‌ಮನ್ನು. ಬೆರಳು ಎತ್ತಿದವನು ಅಂಪೈರು. ನಾನು ಒಳಗೆ ಬಟನ್ ಒತ್ತಿದಾಗ...’

‘ಲೇ, ಎಲ್ಮೆಟ್ಟಿನೋನು ಯಾರು ಅಂತ ನಂಗೊತ್ತಿಲ್ವಾ? ನಿಮ್ಮಪ್ಪ ಇದ್ದಾಗ ಇಪ್ಪತ್ತು ವರ್ಸ ನೋಡ್ಸವ್ನೆ ಆ ಆಟವ. ಎದುರುಮನೆ ಪಾಪಿ ನಗ್ತಿದ್ಲು, ಅದ್ಕೇ ಏಳ್ತಿದ್ದೆ.’

ಅಡುಗೆಮನೆಯಲ್ಲಿ ಸೌಟು ಬಿದ್ದಿತು. ಯಶೋಧರಾ ನಗುತ್ತಿದ್ದಳು.

‘ಹಾಗಾದರೆ ಒತ್ತುತ್ತಿದ್ದವನು ನಾನು ಅಂತ...’

‘ಇನ್ಯಾರ್ಲಾ?’ ಅವ್ವ ನನ್ನ ಕಡೆ ತಿರುಗಿದಳು. ‘ಬಸ್ಸಿಳ್ದು ಬಂದು, ಮಕ ತೋರುಸ್ದೆ ಆ ಕ್ವಾಣೆ ಸೇರ್ಕತೀಯ. ಈ ಟಿವಿ ತಟಕ್ನೆ ಆಟಕ್ಕೆ ತಿರುಗ್ದಾಗ, ಓ ಬಂದ ನಟ್ರಾಜು ಅನ್ಕತಿದ್ದೆ. ಈಗ ನೀ ಬಂದ್ಯೋ ಇಲ್ವೋ ಅದೇ ತಿಳಿಯಾಕಿಲ್ಲ.’

ಅವ್ವನ ಮುಖ ತಪ್ಪಿಸಿ ಟಿವಿಯ ಕಡೆ ತಿರುಗಿದೆ. ಮುಜುಗರ ಮುಚ್ಚಲು ನನಗೆ ಬರುವ ವಿದ್ಯೆ ಒಂದೇ, ಪಾಠ.

‘ಸರಿ ಅವ್ವ, ಯೋಚನೆ ಮಾಡೋಣ. ಆದರೆ ವೈಜ್ಞಾನಿಕವಾಗಿ ನೋಡಿದರೆ, ಒಂದೇ ಡಬ್ಬಿಗೆ ವಾಪಸ್ಸು ಹೋಗೋದು ಅಂದರೆ ಚಿಕ್ಕಮಾದು ಮುಂದೆ ನನ್ನ ಮರ್ಯಾದೆ ಏನಾಗುತ್ತೆ? ಮೂರನೇ ಸಲ ಅವನನ್ನ ಕರೆಯೋದು ಅಂದರೆ...’

‘ಅವ್ನು ನಾಳೆ ಬೆಳಿಗ್ಗೆ ಬತ್ತಾನೆ. ನಿನ್ನೆಂಡ್ತಿ ಆಗ್ಲೇ ಫೋನ್ ಮಾಡವ್ಳೆ.’

‘ಅಲ್ಲವ್ವ, ಅದಕ್ಕೂ ಮೊದಲು ನಾನು ಒಂದು ವಿಷಯ ಸ್ಪಷ್ಟಪಡಿಸಬೇಕು. ಮೊದಲನೆಯದಾಗಿ...’

ಅವ್ವ ಮಂಚದಿಂದಿಳಿದಳು. ನನ್ನ ಕೈಯಲ್ಲಿದ್ದ ರಿಮೋಟನ್ನು ಕಿತ್ತುಕೊಂಡಳು. ಒಳಗೆ ಕೊನೆಯ ಓವರಿನ ಗದ್ದಲ. ಹೊರಗೆ, ಅಂಗೈಗೆ ಟಪ್ ಟಪ್ ಬಡಿದುಕೊಳ್ಳುತ್ತ ಅವಳು ಬೀದಿ ದಾಟುತ್ತಿದ್ದಳು:

‘ಪಾಪೀ, ಬಾರಮ್ಮಿ! ನಾಳಿಂದ ಜಡ್ಜು ಬತ್ತಾನೆ!’