ನಮ್ಮ ತಗಡಿನ ಮೇಲೆ ಏಳು ತಾಸಿನ ಅಡುಗೆ

ಬಡದೇಶಗಳ ಅಡುಗೆಮನೆಗಳಿಂದ ಹೊಗೆಯನ್ನು ಓಡಿಸಲು ಪಣ ತೊಟ್ಟಿರುವ ಇಂಧನ ಸಂಶೋಧನಾ ತಂಡದ ಮುಖ್ಯಸ್ಥರ ಸನ್ನಿಧಾನಕ್ಕೆ,

ಮಾನ್ಯರೇ,

ಯಲಬುರ್ಗಾ ತಾಲ್ಲೂಕಿನ ನಮ್ಮ ಮನೆಯನ್ನು ‘ಮಾದರಿ ಕುಟುಂಬ’ವೆಂದು ಆರಿಸಿ, ನನ್ನ ಅತ್ತೆ ಗಾಳೆಮ್ಮನವರಿಗೆ ಶಾಲು ಹೊದಿಸುವುದಾಗಿ ತಾವು ಬರೆದ ಪತ್ರವೂ ಅದರ ಜೊತೆಗಿದ್ದ ದಪ್ಪ ವರದಿಯೂ ತಲುಪಿ, ಮನೆಮಂದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇವೆ. ತಮ್ಮ ಪಾಂಡಿತ್ಯಕ್ಕೆ ಸಾವಿರ ಶರಣು.

ಹೊಗೆಯಿಂದ ಅತ್ತೆಯವರ ಕಣ್ಣು ಮಂಜಾಗುತ್ತಿದೆಯೆಂದು ಕೇಳಿ ತಾವು ಆರು ತಿಂಗಳ ಹಿಂದೆ ದಯಪಾಲಿಸಿದ ಕರೆಂಟಿನ ಒಲೆ ಕನ್ನಡಿಯಷ್ಟು ನುಣುಪಾಗಿತ್ತು; ಆದರೆ ತಳ ಬಾಗಿದ ನಮ್ಮ ರೊಟ್ಟಿ ಹಂಚನ್ನು ಅದರ ಮೇಲಿಟ್ಟ ಕೂಡಲೇ ಕುಂಯ್ ಎಂದು ಅತ್ತು ಆರಿಹೋಗುತ್ತಿತ್ತು. ಜೋಳದ ರೊಟ್ಟಿಯಿಲ್ಲದೆ ಊಟವಾಗದ ಮನೆ ನಮ್ಮದು, ಮೂರನೆಯ ದಿನವೇ ಅದು ಪೆಟ್ಟಿಗೆ ಸೇರಿತು. ಅದಕ್ಕೆ ತಾವು ಅಂಟಿಸಿದ್ದ, ಶಾಖ ಅಳೆದು ತಮ್ಮ ಕಚೇರಿಗೆ ಲೆಕ್ಕ ಕಳಿಸುವ ಬಿಲ್ಲೆ ಕಳಚಿಬಿದ್ದಾಗ, ದೊಡ್ಡವರ ಸಾಮಾನು, ಇಲಿ ಕಡಿದರೆ ಏನು ಗತಿಯೆಂದು ಹೆದರಿದ ಅತ್ತೆಯವರು ಅದನ್ನು ಅರಿವೆಯಲ್ಲಿ ಕಟ್ಟಿ, ಸೂರಿನ ತಗಡಿನ ಮೇಲೆ ಒಣಹಾಕಿದ ಮೆಣಸಿನಕಾಯಿಯ ಪಕ್ಕ ಜೋಪಾನವಾಗಿ ಇಟ್ಟರು.

ಹೀಗಾಗಿ, ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ನಾವು ಹೊಗೆಯಿಲ್ಲದೆ ಬೇಯಿಸುತ್ತೇವೆಂದು ತಾವು ಬರೆದದ್ದೆಲ್ಲ ಯಲಬುರ್ಗಾದ ಬಿಸಿಲು. ಊರ ಸುತ್ತ ಗಾಳಿಯಂತ್ರಗಳು ತಿರುಗುತ್ತಿದ್ದರೂ ದಿನವಿಡೀ ಕರೆಂಟಿಲ್ಲದ ದಿನಗಳಲ್ಲೂ ನಮ್ಮ ಒಲೆ ಆರಲಿಲ್ಲವೆಂದು ಬೆರಗಾಗಿ ತಾವು ಅದಕ್ಕೊಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದೀರಿ. ಮೋಡ ಕವಿದ ದಿನ ಈ ಭಾಗದ ಹೆಂಗಸರು ಉಪವಾಸವಿರುತ್ತಾರೆಂಬ ತಮ್ಮ ಶೋಧವನ್ನು ಕೇಳಿ ಪಕ್ಕದ ಮನೆಯ ಮುಬಾಶಿರಾ ನಗುವ ಭರದಲ್ಲಿ ಹಿಟ್ಟಿನ ಬುಟ್ಟಿಯನ್ನೇ ಉರುಳಿಸಿದಳು.

ಇದೇ ವರದಿಯ ಬಲದಿಂದ ಊರಿನ ನೂರಿಪ್ಪತ್ತು ಮನೆಗಳಿಗೂ ಅದೇ ಒಲೆ ಬರಲಿದೆಯೆಂಬ ಕೊನೆಯ ಪುಟ ಓದಿದಾಗ ಮಾತ್ರ ನನಗೆ ಸಿಟ್ಟು ಬಂತು.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ ಆ ಶಾಲನ್ನು ಸೂರ್ಯನಿಗೇ ಹೊದಿಸಬೇಕು. ಅಳತೆ ತೆಗೆಯಲು ದರ್ಜಿ ಮಕ್ಬುಲಸಾಬರು ಏಣಿ ಸಮೇತ ಸಿದ್ಧರಿದ್ದಾರೆ. ತಮ್ಮ ವಿಜ್ಞಾನಿಗಳಿಗೂ ನಮ್ಮ ತಗಡಿನ ಮೇಲೆ ಮಧ್ಯಾಹ್ನದ ಊಟಕ್ಕೆ ಎಲೆ ಹಾಕಿಸುತ್ತೇವೆ. ಅತ್ತೆಯವರು ಹೇಳಿದ್ದು ಇಷ್ಟೇ: “ಬಿಸಿಲು ಮಾಡಿದ್ದಕ್ಕ ನನಗ್ಯಾಕ್ರಿ ಶಾಲು? ಹಂಚು ಕೂಡೋ ಒಲಿ ಕೊಡ್ರಿ, ಸಾಕು.”

ದಿನಕ್ಕೆ ಏಳು ತಾಸು ತಮ್ಮ ವಿಶ್ವಾಸಿ,
ಮಲ್ಲೇಶ್ವರಿ
(ಮಾದರಿ ಕುಟುಂಬದ ಸೊಸೆ)

ವಿ.ಸೂ.: ಬಿಲ್ಲೆಯನ್ನು ನಿನ್ನೆ ಕೆಳಗಿಳಿಸಿ, ಅತ್ತೆಯವರು ಊದುವ ಕಟ್ಟಿಗೆ ಒಲೆಯ ಪಕ್ಕ ಅಂಟಿಸಿದ್ದೇವೆ. ಇನ್ನು ಮುಂದೆ ಬೆಳಿಗ್ಗೆ ಎರಡು ತಾಸು, ಸಂಜೆ ಎರಡು ತಾಸು ಮಾತ್ರ ಶಾಖ ತೋರಿಸುತ್ತದೆ. ದಯವಿಟ್ಟು ಬಿಲ್ಲೆ ಕೆಟ್ಟಿದೆಯೆಂದು ಬರೆಯಬೇಡಿ; ಕೆಡುತ್ತಿರುವುದು ಅತ್ತೆಯವರ ಕಣ್ಣು.