ಕೊಲೆಗಾರನನ್ನು ಹೇಳಿಬಿಟ್ಟ ಮಾವ

ಒಂದು ಹಿಂದಿ ಸಿನಿಮಾವನ್ನು ಇಡೀ ಗೋರೆಗಾಂವ್‌ನಲ್ಲಿ ಒಬ್ಬರೇ ನಿಂತು ಮುಳುಗಿಸಿದ ಕೀರ್ತಿ ನನ್ನ ಸೋದರಮಾವನದು! ಹೀರೋನ ಮೇಲೆ ಅವರಿಗೆ ಹಗೆಯಿತ್ತೇ ಎಂದು ಕೇಳಬೇಡಿ. ಮುಳುಗಿಸಿದ್ದು ಪ್ರೀತಿಯಿಂದ.

ಮಾವ ಸ್ಟೇಷನ್ ಎದುರಿನ ಉಡುಪಿ ಹೋಟೆಲಿನ ದೋಸೆ ಭಟ್ಟರು. ಊರು ಬಿಟ್ಟು ಬೊಂಬಾಯಿಗೆ ಬಂದ ವರ್ಷವೇ ಆ ಹೀರೋನನ್ನು ಪರದೆಯ ಮೇಲೆ ಕಂಡು ಮರುಳಾದವರು. ಆತ ಹಣೆಯ ಮೇಲೆ ಕೂದಲು ಇಳಿಬಿಟ್ಟರೆ ಇವರೂ ಬಿಟ್ಟರು. ಕಾವಲಿಯ ಬಿಸಿಗೆ ಅದು ಎಷ್ಟು ಸಲ ಸೀದಿತೋ! ಆತ ಕುತ್ತಿಗೆಗೆ ರುಮಾಲು ಸುತ್ತಿದರೆ ಇವರು ಹೆಗಲ ಬೈರಾಸನ್ನೇ ಸುತ್ತಿಕೊಂಡರು.

"ಎಂತ ಭಟ್ರೇ, ಗಂಟಲು ನೋವಾ?" ಎಂದ ಗಿರಾಕಿ.

"ಸ್ಟೈಲ್, ಮಾರಾಯ!"

ಎಪ್ಪತ್ತರ ದಶಕ ಬಂತು. ಹೊಸ ಹುಡುಗರು ಬಂದರು, ಮಾವನ ಹೀರೋಗೆ ಪಾತ್ರಗಳು ನಿಂತವು. ಬಹಳ ದಿನಗಳ ಮೇಲೆ ಅವನದೊಂದು ಪತ್ತೇದಾರಿ ಸಿನಿಮಾ ಬಂದಾಗ ಮಾವ ಅತ್ತೆಯನ್ನೂ ನನ್ನನ್ನೂ ಮೊದಲ ಆಟಕ್ಕೇ ಹೊರಡಿಸಿದರು. ಅರವತ್ತರ ಅಂಚಿನ ಮನುಷ್ಯ, ತಲೆಗೆ ವಿಗ್ಗು, ಪಾತ್ರ ಎಳೆಯ ಇನ್ಸ್‌ಪೆಕ್ಟರನದು! ಕಳ್ಳ ಗೋಡೆ ಹಾರಿದ. ನಮ್ಮವನು ಗೋಡೆಯನ್ನು ದಿಟ್ಟಿಸಿ ನೋಡಿದ. ಮರುಕ್ಷಣ ಗೋಡೆಯಾಚೆ ಇದ್ದ!

"ಗೇಟು ತೆಗ್ದು ಹೋದ್ದಾ ಹೇಗೆ?" ಅಂದರು ಅತ್ತೆ.

"ಗೇಟು ಇರುವಾಗ ಹಾರುದು ಯಾಕೆ? ಪೊಲೀಸರಿಗೆ ಬುದ್ಧಿ ಇರ್ತದೆ ಮಾರಾಯ್ತಿ!"

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವುದು ಸುಳ್ಳೇ? ಆದರೆ ಅರ್ಧ ಖಾಲಿಯಾಗಿದ್ದ ಥಿಯೇಟರು ಮಾವನ ಕಣ್ಣಿಗೂ ಬಿದ್ದಿತ್ತು. "ಇದೊಂದು ಬಿದ್ರೆ ಅವನನ್ನು ಇನ್ನು ಯಾರೂ ಕರೆಯುದಿಲ್ಲ" ಎಂದು ದಾರಿಯುದ್ದಕ್ಕೂ ಹಲುಬಿದರು.

ಮರುದಿನದಿಂದ ಪ್ರಚಾರ ಶುರು. ದೋಸೆ ಮಗುಚುತ್ತಾ ಬಂದ ಗಿರಾಕಿಗೆಲ್ಲ ಒಂದೇ ಮಾತು: "ಕೊಲೆ ಮಾಡಿದ್ದು ಆ ವಕೀಲ, ಗೊತ್ತಾಯ್ತಲ್ಲ? ಇನ್ನು ಅದರ ಚಿಂತೆ ಬೇಡ. ಆರಾಮದಲ್ಲಿ ಕೂತು ಇವನ ಆಕ್ಟಿಂಗ್ ನೋಡಿ!"

ಗಿರಾಕಿಗಳು ದೋಸೆ ತಿಂದರು, ಕೊಲೆಗಾರನನ್ನು ತಿಳಿದರು, ನೆಮ್ಮದಿಯಿಂದ ಮನೆಗೆ ಹೋದರು. ಟಿಕೆಟಿನ ಹಂಗು ಯಾರಿಗೆ ಬೇಕು? ಹೋಟೆಲಿನ ಧಣಿಗಳು ತಲೆ ಚಚ್ಚಿಕೊಂಡರು: "ಭಟ್ರೇ, ನೀವು ಚಟ್ನಿ ಮಾತ್ರ ಬಡಿಸಿ ಸಾಕು!"

ಶುಕ್ರವಾರ ಬೇರೆ ಸಿನಿಮಾ ಬರುವುದಿತ್ತು. ಗುರುವಾರ ರಾತ್ರಿ ಕೊನೆಯ ಆಟಕ್ಕೆ ಮಾವ ನನ್ನನ್ನು ಮತ್ತೆ ಎಳೆದುಕೊಂಡು ಹೋದರು. ಒಳಗೆ ಬೆರಳೆಣಿಕೆಯ ಜನ. ವಕೀಲನನ್ನು ಹಿಡಿಯಲು ಹೀರೋ ಮೆಟ್ಟಿಲೇರುವ ದೃಶ್ಯ ಬಂತು. ನಡುವೆ ಆತ ಕಂಬಿ ಹಿಡಿದು ಒಂದು ಗಳಿಗೆ ನಿಂತ. ಹಿಂದಿನ ಸಾಲಿನವರು ಗೊಳ್ಳೆಂದು ನಕ್ಕರು.

ಹೊರಗೆ ಬರುವಾಗ ಗೇಟ್‌ಕೀಪರ್ ಹಿಂದಿಯಲ್ಲಿ, "ಹೀರೋ ಮುದುಕನಾದ, ಪಿಕ್ಚರ್ ಬಿತ್ತು" ಎಂದ.

"ನಹೀ ಭಾಯ್," ಎಂದರು ಮಾವ. "ಪಿಕ್ಚರ್ ಅಚ್ಛಾ ಥಾ. ಖೂನೀ ಕೌನ್, ವೋ ಹಮ್‌ನೇ ಸಬ್‌ಕೋ ಬೋಲ್ ದಿಯಾ. ಗಲತೀ ಹಮಾರಾ." ಪಿಕ್ಚರ್ ಚೆನ್ನಾಗಿಯೇ ಇತ್ತು, ಕೊಲೆಗಾರ ಯಾರೆಂದು ಎಲ್ಲರಿಗೂ ಹೇಳಿಬಿಟ್ಟ ತಪ್ಪು ತನ್ನದೇ ಅಂತ!

ನಾವಿದ್ದ ಚಾಳಿನ ಮನೆಗೆ ಮರಳಲು ರೈಲ್ವೆ ಸೇತುವೆ ಹತ್ತಬೇಕು. ದಿನವಿಡೀ ಕಾವಲಿಯ ಮುಂದೆ ನಿಂತು ಮಾವನ ಮೊಣಕಾಲೂ ಕೈಕೊಟ್ಟಿತ್ತು. ನಾಲ್ಕು ಮೆಟ್ಟಿಲೇರಿ ನಿಂತರು.

"ಆ ಮೆಟ್ಟಿಲಿನ ಸೀನು ಉಂಟಲ್ಲ, ಅದನ್ನು ಒಂದೇ ಸಲಕ್ಕೆ ತೆಗೆದಿರ್ತಾರಲ್ವಾ? ಪಾಪ, ಮತ್ತೆ ಮತ್ತೆ ಹತ್ತಿಸಿರ್ಲಿಕ್ಕಿಲ್ಲ ಅಲ್ವಾ?"

ನನಗೇನು ಗೊತ್ತು ಶೂಟಿಂಗಿನ ವಿಷಯ? ಆದರೆ ಮಾವನ ಮೇಲೆ ಎಂದೂ ಇಲ್ಲದ ಅಕ್ಕರೆ ಉಕ್ಕಿಬಂತು. ಅವರ ತೋಳು ಹಿಡಿದುಕೊಂಡೆ.

"ಒಂದೇ ಸಲ ಮಾವ," ಎಂದೆ. "ಒಂದೇ ಸಲ."